ಅಂಕ ದಾಟುತ್ತದೆ, ಸೀಟು ದಾಟುವುದಿಲ್ಲ

ಗೋಕಾಕದಲ್ಲೋ ಮೂಡಲಗಿಯಲ್ಲೋ ಸಂಕೇಶ್ವರದಲ್ಲೋ ಬಿಎಸ್ಸಿ ಮೊದಲ ವರ್ಷ ಮುಗಿಸಿ, ಎಲ್ಲ ವಿಷಯಗಳಲ್ಲೂ ಮೇಲಿನ ಅಂಕ ಪಡೆದ ಹುಡುಗಿಯೊಬ್ಬಳು ದೇಶದ ಹೆಸರಾಂತ ವಿಶ್ವವಿದ್ಯಾಲಯದ ಎರಡನೆಯ ವರ್ಷಕ್ಕೆ ಸೇರಬೇಕೆಂದರೆ ಯಾವ ಅರ್ಜಿ ತುಂಬಬೇಕು, ಯಾರಿಗೆ ಕೊಡಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಿ ಹೊರಟವರಿಗೆ ಮೈಗ್ರೇಶನ್ ಸರ್ಟಿಫಿಕೇಟ್ ಸಿಗುತ್ತದೆ, ಟಿಸಿ ಸಿಗುತ್ತದೆ, ಪಠ್ಯಕ್ರಮದ ಸಮಾನತೆ ನೋಡುವ ಸಮಿತಿಯೊಂದರ ಹೆಸರು ಸಿಗುತ್ತದೆ, ಇತ್ತೀಚೆಗೆ ಕ್ರೆಡಿಟ್ ಬ್ಯಾಂಕಿನ ಖಾತೆ ಸಂಖ್ಯೆಯೂ ಸಿಗುತ್ತದೆ. ಸಿಗದೆ ಇರುವುದು ಒಂದೇ, ಸೀಟು. ಒಂದು ಕಡೆಯಿಂದ ಹೊರಡಲು ಬೇಕಾದ ಕಾಗದಗಳನ್ನೆಲ್ಲ ನಮ್ಮ ವ್ಯವಸ್ಥೆ ಅಚ್ಚುಕಟ್ಟಾಗಿ ಮಾಡಿಟ್ಟಿದೆ; ಇನ್ನೊಂದು ಕಡೆ ಒಳಗೆ ಹೋಗುವ ದಾರಿಯನ್ನು ಮಾತ್ರ ಬಹುಮಟ್ಟಿಗೆ ಮುಚ್ಚಿದೆ. ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಬರೆದ ಒಂದು ಪ್ರವೇಶ ಪರೀಕ್ಷೆ ಮುಂದಿನ ಮೂರು ನಾಲ್ಕು ವರ್ಷಗಳ ಮಟ್ಟಿಗೆ ಕಡೆಯ ಮಾತಾಗಿಬಿಡುತ್ತದೆ. ಇದು ಹೀಗೇ ಇರಬೇಕಾಗಿಲ್ಲ. ಹೀಗಿಲ್ಲದ ಒಂದು ದಾರಿ ಕರ್ನಾಟಕದಲ್ಲೇ, ಬೆಳಗಾವಿ ಜಿಲ್ಲೆಯ ಈ ಮೂರು ಊರುಗಳ ಮಕ್ಕಳಿಗೂ ಪರಿಚಿತವಾದ ದಾರಿ, ದಶಕಗಳಿಂದ ನಡೆದುಬಂದಿದೆ ಎಂಬುದು ಈ ಲೇಖನದ ವಾದ.

ಮೊದಲು ಹಳೆಯ ಸಂಗತಿ. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ ಇಲ್ಲಿನ ಹುಡುಗರು ಓದಲು ಹೋಗುತ್ತಿದ್ದ ಕಾಲೇಜುಗಳು ಹರಡಿಕೊಂಡಿದ್ದವು: ಕೊಲ್ಹಾಪುರದ ರಾಜಾರಾಮ (1880), ಪುಣೆಯ ಫರ್ಗ್ಯೂಸನ್ (1885), ಧಾರವಾಡದ ಕರ್ನಾಟಕ ಕಾಲೇಜು (1917), ಸಾಂಗಲಿಯ ವಿಲಿಂಗ್ಡನ್ (1919), ಬೆಳಗಾವಿಯ ಲಿಂಗರಾಜ (1933). ಇವೆಲ್ಲ ಬೇರೆ ಬೇರೆ ಊರಿನವಾದರೂ ವಿಶ್ವವಿದ್ಯಾಲಯ ಒಂದೇ, ಮುಂಬಯಿ, ಪರೀಕ್ಷೆಯೂ ಒಂದೇ. ಇಂಟರ್ ಒಂದು ಕಡೆ, ಬಿಎ ಇನ್ನೊಂದು ಕಡೆ ಮಾಡುವುದು ಆಗ ವಿಶೇಷವೇನಲ್ಲ. ಮಂಡ್ಯ ಕಡೆಯಿಂದ ಬಂದು ಮುಂದೆ 1989ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯ ಕಾನೂನು ಓದಿದ್ದು ಪುಣೆಯ ಐಎಲ್‌ಎಸ್ ಮತ್ತು ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು, ಈ ಎರಡರಲ್ಲಿ. ಆ ಬೆಳಗಾವಿ ಕಾಲೇಜು ಹುಟ್ಟಿದ್ದು 1939ರಲ್ಲಿ. ಅದಕ್ಕೆ ಹೆಸರು ಕೊಟ್ಟ ವಂಟಮುರಿಯ ಲಖಮಗೌಡರ ಹೆಸರೇ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯಕ್ಕೂ ಇದೆ. ಪುಣೆ ದೊಡ್ಡದು, ಬೆಳಗಾವಿ ಸಣ್ಣದು ಎಂಬ ಭಾವನೆ ಆಗಲೂ ಇದ್ದಿರಬಹುದು. ಆದರೆ ನಡುವೆ ಗೋಡೆಯಿರಲಿಲ್ಲ, ಯಾಕೆಂದರೆ ಎರಡೂ ಕಡೆಯ ಅಂಕವನ್ನು ಒಂದೇ ಕಚೇರಿ ಅಳೆಯುತ್ತಿತ್ತು. ಆ ಕಾಲವನ್ನು ಹೊಗಳಿ ಹಾಡಬೇಕಾಗಿಲ್ಲ. ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದವರೇ ಬೆರಳೆಣಿಕೆಯ ಜನ, ಅವರಲ್ಲೂ ಮೇಲ್ಜಾತಿ ಮತ್ತು ಉಳ್ಳ ಮನೆತನದವರು ಹೆಚ್ಚು. ಉಪಯೋಗಕ್ಕೆ ಬರುವ ಮಾತು ಇಷ್ಟೇ: ಅಳತೆಗೋಲು ಒಂದಾದಾಗ ದಾಟುವುದು ಸುಲಭ.

ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ.ಸಿ. ಪಾವಟೆಯವರ ಓದಿನ ದಾರಿಯನ್ನೂ ಇಲ್ಲಿ ನೆನೆಯಬೇಕು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ ಓದಿ, ಆಮೇಲೆ ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿಗೆ ಹೋಗಿ ರ‍್ಯಾಂಗ್ಲರ್ ಆಗಿ ಬಂದವರು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿ ಅದನ್ನು ಕಟ್ಟಿದವರು. ಅವರನ್ನು ಪ್ರತಿಭೆಯ ಉದಾಹರಣೆಯಾಗಿ ಹೇಳುವವರು ಬಹಳ. ಪ್ರತಿಭೆ ಇತ್ತು, ಸರಿ. ಅದರ ಜೊತೆಗೆ ಕೇಂಬ್ರಿಜ್‌ನಂಥ ಕಟ್ಟುನಿಟ್ಟಿನ ವಿಶ್ವವಿದ್ಯಾಲಯ ಹೊರಗಿನ ಪದವೀಧರರಿಗೆಂದು ಒಂದು ದಾರಿಯನ್ನು ನಿಯಮದಲ್ಲೇ ಇಟ್ಟುಕೊಂಡಿತ್ತು ಎಂಬುದನ್ನೂ ಹೇಳಬೇಕಲ್ಲ. ಬೇರೆ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿದವರಿಗೆ ಒಂದು ವರ್ಷದ ವಿನಾಯಿತಿ ಕೊಟ್ಟು, ಅಲ್ಲಿನ ಪದವಿಯನ್ನು ಎರಡೇ ವರ್ಷದಲ್ಲಿ ಮುಗಿಸಲು ಬಿಡುವ ಪದ್ಧತಿ ಅಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ಇದೆ. ಅಂದರೆ ಆಯ್ಕೆಯಲ್ಲಿ ಬಿಗಿಯಾಗಿರುವುದಕ್ಕೂ ತಡವಾಗಿ ಬಂದವರನ್ನು ಸೇರಿಸಿಕೊಳ್ಳುವುದಕ್ಕೂ ವಿರೋಧವೇನೂ ಇಲ್ಲ.

ಇಂದಿನ ಸ್ಥಿತಿಗೆ ಬರೋಣ. ಐಐಟಿಗಳ ಬಿಟೆಕ್‌ಗೆ ಇರುವುದು ಬಹುಮಟ್ಟಿಗೆ ಒಂದೇ ಪ್ರವೇಶ, ಜೆಇಇ ಅಡ್ವಾನ್ಸ್ಡ್. ಅದನ್ನು ಬರೆಯಲು ಎರಡೇ ಅವಕಾಶ, ಅದೂ ಸತತ ಎರಡು ವರ್ಷಗಳಲ್ಲಿ. 2024ರ ನವೆಂಬರ್‌ನಲ್ಲಿ ಆ ಎರಡನ್ನು ಮೂರಕ್ಕೆ ಏರಿಸಿ ಪ್ರಕಟಣೆ ಹೊರಟಿತು. ಅದೇ ತಿಂಗಳು ಹಿಂದಕ್ಕೂ ಹೋಯಿತು. ಪ್ರಕಟಣೆ ನಂಬಿ ಸೇರಿದ್ದ ಕಾಲೇಜು ಬಿಟ್ಟವರು ಸುಪ್ರೀಂ ಕೋರ್ಟಿಗೆ ಹೋಗಿ ಪರಿಹಾರ ಪಡೆಯಬೇಕಾಯಿತು. ಬೇರೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಷ್ಟೇ ಚೆನ್ನಾಗಿ ಓದಿದರೂ ಅದನ್ನು ತೋರಿಸಿ ಐಐಟಿಯ ಎರಡನೆಯ ವರ್ಷಕ್ಕೆ ಹೋಗುವ ದಾರಿಯಿಲ್ಲ. ಕಾನೂನಿನಲ್ಲಿ ಇನ್ನೂ ಸ್ಪಷ್ಟ: ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳು ಲ್ಯಾಟರಲ್ ಪ್ರವೇಶವನ್ನು, ಅಂದರೆ ನಡುವಿನಲ್ಲಿ ಸೇರುವುದನ್ನು, ಹೆಸರು ಹೇಳಿಯೇ ನಿಷೇಧಿಸಿವೆ. ಹಾಗಾಗಿ ಬೆಳಗಾವಿಯಲ್ಲಿ ಐದು ವರ್ಷದ ಕಾನೂನು ಓದುತ್ತಿರುವವರು ನಡುವಿನಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ಹೋಗುವಂತಿಲ್ಲ. ಪದವಿ ಮುಗಿದ ಮೇಲೆ ಬೇಕಾದರೆ, ಆ ಶಾಲೆ 2022ರಲ್ಲಿ ಆರಂಭಿಸಿದ ಮೂರು ವರ್ಷದ ಎಲ್‌ಎಲ್‌ಬಿಗೆ ಪರೀಕ್ಷೆ ಬರೆಯಬಹುದು. ವೈದ್ಯಕೀಯದಲ್ಲಿ 1997ರ ನಿಯಮಾವಳಿ ಮೊದಲ ಹಂತದ ಪರೀಕ್ಷೆ ಪಾಸಾದ ಮೇಲೆ ಶೇ 5ರ ಮಿತಿಯೊಳಗೆ ಕಾಲೇಜು ಬದಲಿಸಲು ಬಿಟ್ಟಿತ್ತು. 2023ರ ನಿಯಮಾವಳಿ ಆ ಸಣ್ಣ ಕಿಂಡಿಯನ್ನೂ ಮುಚ್ಚಿತು, ಅದರ ಮೇಲೆ ವ್ಯಾಜ್ಯಗಳೂ ನಡೆದಿವೆ.

ಸಾಮಾನ್ಯ ಪದವಿಯ ಸ್ಥಿತಿ ಮೇಲ್ನೋಟಕ್ಕೆ ಭಿನ್ನ. ರಾಷ್ಟ್ರೀಯ ಶಿಕ್ಷಣ ನೀತಿಯ ಭಾಗವಾಗಿ 2021ರ ಜುಲೈಯಲ್ಲಿ ಯುಜಿಸಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ನಿಯಮಗಳನ್ನು ತಂದಿತು. ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳು ಖಾತೆಯಲ್ಲಿ ಏಳು ವರ್ಷದವರೆಗೆ ಉಳಿಯುತ್ತವೆ. ಪದವಿ ಕೊಡುವ ಸಂಸ್ಥೆಯಲ್ಲಿ ಕನಿಷ್ಠ ಅರ್ಧ ಕ್ರೆಡಿಟ್ ಗಳಿಸಿದರೆ ಸಾಕು, ಉಳಿದವು ಬೇರೆಡೆಯಿಂದ ಬರಬಹುದು. ಓದಿದರೆ ಬಾಗಿಲು ತೆರೆದಂತೆಯೇ ಅನ್ನಿಸುತ್ತದೆ. ಆದರೆ ಆ ನಿಯಮಗಳು ಕ್ರೆಡಿಟ್ ಹೇಗೆ ಸಾಗಬೇಕೆಂದು ಹೇಳುತ್ತವೆಯೇ ಹೊರತು, ಅದನ್ನು ಹೊತ್ತು ಬಂದವರನ್ನು ಯಾವ ಕ್ರಮದಲ್ಲಿ, ಎಷ್ಟು ಸೀಟಿಗೆ ಸೇರಿಸಿಕೊಳ್ಳಬೇಕೆಂದು ಯಾವ ವಿಶ್ವವಿದ್ಯಾಲಯವನ್ನೂ ಕಟ್ಟಿಹಾಕುವುದಿಲ್ಲ. ಬಸ್ಸಿನ ಪಾಸು ಕೈಗೆ ಕೊಟ್ಟು ಬಸ್ಸನ್ನೇ ಬಿಡದಿದ್ದರೆ ಹೇಗೋ ಹಾಗೆ. ಕರ್ನಾಟಕದಲ್ಲಿ ಇದರ ಮೇಲೆ ಇನ್ನೊಂದು ಗೊಂದಲ ಕೂತಿದೆ. 2021-22ರಲ್ಲಿ ಹೊಸ ನೀತಿಯನ್ನು ಎಲ್ಲರಿಗಿಂತ ಮೊದಲು ಜಾರಿ ಮಾಡಿದ ರಾಜ್ಯ ಇದು. ಸುಖದೇವ್ ಥೋರಟ್ ಅವರ ಆಯೋಗದ ಮಧ್ಯಂತರ ವರದಿಯ ಮೇಲೆ 2024-25ರಿಂದ ಮತ್ತೆ ಮೂರು ವರ್ಷದ ಹಳೆಯ ಪದವಿಗೆ ಮರಳಿದ್ದೂ ಇದೇ ರಾಜ್ಯ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಒಂದೇ ಕಾಲೇಜಿನ ಒಂದೇ ಕಾರಿಡಾರಿನಲ್ಲಿ ಅಕ್ಕ ಒಂದು ಪದ್ಧತಿಯಲ್ಲಿ, ತಂಗಿ ಇನ್ನೊಂದು ಪದ್ಧತಿಯಲ್ಲಿ ಓದಿದ ವರ್ಷಗಳಿವು. ಯಾವ ಪೇಪರು ಯಾವುದಕ್ಕೆ ಸಮ ಎಂದು ಹೊರರಾಜ್ಯದ ಸಮಾನತೆ ಸಮಿತಿಗೆ ಬಿಡಿಸಿ ಹೇಳಬೇಕಾದ ಹೊರೆ ಆ ಮಕ್ಕಳ ತಲೆಯ ಮೇಲೆಯೇ.

ಇಷ್ಟೆಲ್ಲ ಮುಚ್ಚಿದ ಬಾಗಿಲುಗಳ ನಡುವೆ ತೆರೆದಿರುವುದು ಡಿಪ್ಲೊಮಾದವರ ಬಾಗಿಲು. ಎಸ್ಸೆಸ್ಸೆಲ್ಸಿ ಮುಗಿಸಿ ಪಾಲಿಟೆಕ್ನಿಕ್ ಸೇರಿ ಮೂರು ವರ್ಷದ ಡಿಪ್ಲೊಮಾ ಮಾಡಿದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆದು, ರ‍್ಯಾಂಕಿನ ಮೇಲೆ ನೇರ ಎಂಜಿನಿಯರಿಂಗ್ ಎರಡನೆಯ ವರ್ಷಕ್ಕೆ, ಅಂದರೆ ಮೂರನೆಯ ಸೆಮಿಸ್ಟರಿಗೆ ಸೇರುತ್ತಾರೆ. ಪ್ರಶ್ನೆಪತ್ರಿಕೆ ನೂರು ಅಂಕದ್ದು. ಸೇರುವ ಕಾಲೇಜು ನಿಡಸೋಸಿಯ ಹಿರಾಶುಗರ್ ತಾಂತ್ರಿಕ ಸಂಸ್ಥೆಯೂ ಆಗಬಹುದು, ಬೆಂಗಳೂರಿನ ಆರ್‌ವಿ, ಬಿಎಂಎಸ್, ಯುವಿಸಿಇಯೂ ಆಗಬಹುದು. ಪಿಯುಸಿ ಆದಮೇಲೆ ಕೆಸಿಇಟಿಯಲ್ಲಿ ಒಂದೆರಡು ಸಾವಿರದೊಳಗಿನ ರ‍್ಯಾಂಕ್ ಬೇಕಾಗುವ ಕಂಪ್ಯೂಟರ್ ಸೈನ್ಸ್ ವಿಭಾಗಗಳಿಗೆ ಈ ದಾರಿಯಿಂದಲೂ ಪ್ರತಿವರ್ಷ ಕೆಲವರು ಕಾಲಿಡುತ್ತಾರೆ. ಸೀಟು ಎಲ್ಲಿಂದ ಬರುತ್ತದೆ ಎಂಬುದಕ್ಕೂ ಉತ್ತರವಿದೆ: ಮಂಜೂರಾದ ಸಂಖ್ಯೆಯ ಮೇಲೆ ಒಂದು ಹೆಚ್ಚುವರಿ ಪಾಲು, ಜೊತೆಗೆ ಮೊದಲ ವರ್ಷದಲ್ಲಿ ತುಂಬದೆ ಉಳಿದವು. ಮೀಸಲಾತಿ ಇದೆ, ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮ ಕೋಟಾ ಇವೆ. ಯಾವ ಕಾಲೇಜು, ಯಾವ ವರ್ಗ, ಎಷ್ಟನೆಯ ರ‍್ಯಾಂಕಿಗೆ ಮುಗಿಯಿತು ಎಂಬ ಕಟ್‌ಆಫ್ ಪಟ್ಟಿಯನ್ನು ಎಲ್ಲರೂ ನೋಡಬಹುದು. ಇನ್ನೂ ಕೆಳಗಿನ ಮೆಟ್ಟಿಲೂ ಒಂದುಂಟು: ಐಟಿಐ ಮಾಡಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರಬಹುದು. ಗೋಕಾಕದ ಗಿರಣಿಯಲ್ಲೋ ಸಕ್ಕರೆ ಕಾರ್ಖಾನೆಯಲ್ಲೋ ಫಿಟರ್ ಆಗಲೆಂದು ಐಟಿಐಗೆ ಹಾಕಿದ ಹುಡುಗ ಲೆಕ್ಕದ ಪ್ರಕಾರ ಆರ್‌ವಿ ಕಾಲೇಜಿನ ಪದವೀಧರನಾಗಿ ಹೊರಬರುವುದಕ್ಕೆ ಯಾವ ನಿಯಮವೂ ಅಡ್ಡ ಬರುವುದಿಲ್ಲ. ಕಷ್ಟ ಬಹಳವಿದೆ, ಅದು ಬೇರೆ ಮಾತು.

ಆ ಕಷ್ಟವನ್ನೂ ಮುಚ್ಚಿಡಬಾರದು. ಡಿಪ್ಲೊಮಾದಲ್ಲಿ ಕೈಕೆಲಸ ಹೆಚ್ಚು, ಗಣಿತ ಕಡಿಮೆ. ಅದಕ್ಕಾಗಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಲ್ಯಾಟರಲ್‌ನವರಿಗೆ ಹೆಚ್ಚುವರಿ ಗಣಿತದ ಪತ್ರಿಕೆಗಳನ್ನು ಕಡ್ಡಾಯ ಮಾಡಿದೆ; ಅವುಗಳ ಅಂಕ ಸರಾಸರಿಗೆ ಸೇರದಿದ್ದರೂ ಪಾಸಾಗದೆ ಪದವಿ ಇಲ್ಲ. ಬೇರೆಯವರು ಎರಡು ಸೆಮಿಸ್ಟರಿನಲ್ಲಿ ನಿಧಾನವಾಗಿ ಓದಿದ ಕಲನಶಾಸ್ತ್ರವನ್ನು ಇವರು ಮೂರನೆಯ ಸೆಮಿಸ್ಟರಿನ ಸಿಗ್ನಲ್ಸ್, ಥರ್ಮೋ ಜೊತೆಗೇ ಅರಗಿಸಿಕೊಳ್ಳಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷಿನ ಭಾರ ಬೇರೆ. ಆದರೂ ಈ ದಾರಿಯ ದೊಡ್ಡ ಗುಣ ನಿಂತಿರುವುದು ಇಲ್ಲೇ: ವಿಶ್ವವಿದ್ಯಾಲಯ ಕೊರತೆಯನ್ನು ಗುರುತಿಸಿತು, ಅದಕ್ಕೊಂದು ಪತ್ರಿಕೆ ಇಟ್ಟಿತು, ಪಾಸಾದವರನ್ನು ಉಳಿದವರ ಸಮಕ್ಕೆ ನಿಲ್ಲಿಸಿತು. ‘ಇವರಿಗೆ ತಳಪಾಯವಿಲ್ಲ’ ಎಂದು ಹೇಳಿ ಹೊರಗಿಡಲಿಲ್ಲ. ಮೂರನೆಯ ಸೆಮಿಸ್ಟರಿನಿಂದ ಪ್ರಶ್ನೆಪತ್ರಿಕೆ ಒಂದೇ, ಮೌಲ್ಯಮಾಪನ ಒಂದೇ, ಕೊನೆಗೆ ಸಿಗುವ ಪದವಿ ಪ್ರಮಾಣಪತ್ರವೂ ಒಂದೇ.

ಇದೇ ತಾಂತ್ರಿಕ ವಿಶ್ವವಿದ್ಯಾಲಯದೊಳಗೆ ಇನ್ನೊಂದು ಬಗೆಯ ವರ್ಗಾವಣೆಯೂ ಇದೆ. ಮೊದಲ ವರ್ಷ ಒಂದು ಕಾಲೇಜಿನಲ್ಲಿ ಓದಿದವರು ಇನ್ನೊಂದಕ್ಕೆ ಹೋಗಲು ಅರ್ಜಿ ಹಾಕಬಹುದು. ಹೋಗಬೇಕೆಂದ ಕಾಲೇಜಿನಲ್ಲಿ ಮಂಜೂರಾದ ಸಂಖ್ಯೆಯೊಳಗೆ ಸೀಟು ಖಾಲಿ ಇರಬೇಕು, ಎರಡೂ ಕಾಲೇಜುಗಳ ಎನ್‌ಒಸಿ ಬೇಕು, ವಿಶ್ವವಿದ್ಯಾಲಯದ ಒಪ್ಪಿಗೆ ಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಡಿಸಿಇಟಿಯಲ್ಲಿ ಸೀಟು ಎಷ್ಟೆಂದು ಮೊದಲೇ ಗೊತ್ತು, ರ‍್ಯಾಂಕ್ ಗೊತ್ತು, ಮುಂದಿದ್ದವರಿಗೆ ಮೊದಲು ಸಿಗುತ್ತದೆ. ಕಾಲೇಜು ಬದಲಾವಣೆಯಲ್ಲಿ ಖಾಲಿ ಸೀಟಿನ ಸುದ್ದಿಯೇ ಕೇಳಿಬಲ್ಲವರಿಗೆ ಮಾತ್ರ ತಿಳಿಯುತ್ತದೆ. ಬಿಡುವ ಕಾಲೇಜು ಎನ್‌ಒಸಿ ಕೊಡಲು ಮನಸ್ಸು ಮಾಡಬೇಕು, ಸೇರಿಸಿಕೊಳ್ಳುವ ಕಾಲೇಜು ಹ್ಞೂಂ ಅನ್ನಬೇಕು. ಹುಕ್ಕೇರಿಯ ರೈತನ ಮಗಳಿಗೂ ಬೆಂಗಳೂರಿನ ಗುತ್ತಿಗೆದಾರನ ಮಗನಿಗೂ ಒಂದೇ ನಿಯಮ, ನಿಜ. ಆದರೆ ಯಾರ ಅಪ್ಪನ ಫೋನಿಗೆ ಕಾಲೇಜಿನ ಕಚೇರಿ ಬೇಗ ಉತ್ತರ ಕೊಡುತ್ತದೆ ಎಂಬುದು ನಿಯಮದಲ್ಲಿ ಬರೆದಿರುವುದಿಲ್ಲ. ಹಾಗಾಗಿ ವರ್ಗಾವಣೆ ಬೇಕೋ ಬೇಡವೋ ಎಂದು ಕೇಳಿದರೆ ಅರ್ಧ ಪ್ರಶ್ನೆ ಕೇಳಿದಂತೆ. ಸೀಟಿನ ಸಂಖ್ಯೆಯನ್ನು ಮೊದಲೇ ಪ್ರಕಟಿಸಿ, ಎಲ್ಲರಿಗೂ ಒಂದೇ ಪರೀಕ್ಷೆ ಇಟ್ಟು ನಡೆಸುವ ವರ್ಗಾವಣೆಯೋ ಅಥವಾ ಒಪ್ಪಿಗೆ ಪತ್ರಗಳ ಬೆನ್ನು ಹತ್ತಿ ತಿರುಗುವ ವರ್ಗಾವಣೆಯೋ ಎಂಬುದು ಉಳಿದರ್ಧ.

ಹೊರದೇಶದ ಅನುಭವವೂ ಈ ವ್ಯತ್ಯಾಸವನ್ನೇ ತೋರಿಸುತ್ತದೆ. ಅಮೆರಿಕದಲ್ಲಿ ಎರಡನೆಯ ಅಥವಾ ಮೂರನೆಯ ವರ್ಷಕ್ಕೆ ವರ್ಗಾವಣೆಯ ಅರ್ಜಿ ಹಾಕುವುದು ಮಾಮೂಲು. ಆದರೆ ತೀರಾ ಹೆಸರುವಾಸಿ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಆ ದಾರಿ ಅವುಗಳ ಮರ್ಜಿಯಂತೆ ತೆರೆಯುತ್ತದೆ, ಮುಚ್ಚುತ್ತದೆ. ಪ್ರಿನ್ಸ್‌ಟನ್ 1990ರಲ್ಲಿ ವರ್ಗಾವಣೆಯನ್ನೇ ನಿಲ್ಲಿಸಿ 2018ರಲ್ಲಿ ಮತ್ತೆ ಶುರು ಮಾಡಿತು. ಶುರು ಮಾಡುವಾಗ ಬಡ ಮನೆಯ, ಸಮುದಾಯ ಕಾಲೇಜಿನ, ಸೇನೆಯಿಂದ ಬಂದ ವಿದ್ಯಾರ್ಥಿಗಳಿಗೆ ಆದ್ಯತೆ ಎಂದಿತು. ಒಳ್ಳೆಯದೇ, ಆದರೆ ಸಂಖ್ಯೆ ಅತಿ ಸಣ್ಣದು. ಕ್ಯಾಲಿಫೋರ್ನಿಯಾದ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕತೆ ಬೇರೆ. 1960ರ ಮಾಸ್ಟರ್ ಪ್ಲಾನ್ ಅಲ್ಲಿ ಮೂರು ಹಂತ ಮಾಡಿತು: ಶಾಲೆ ಮುಗಿಸಿದವರಲ್ಲಿ ಮೇಲಿನ ಎಂಟನೆಯ ಒಂದು ಪಾಲಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಮೂರನೆಯ ಒಂದು ಪಾಲಿಗೆ ರಾಜ್ಯ ಕಾಲೇಜುಗಳು, ಉಳಿದ ಎಲ್ಲರಿಗೂ ಊರಿನ ಎರಡು ವರ್ಷದ ಕಾಲೇಜು. ಅಷ್ಟಕ್ಕೇ ಬಿಟ್ಟಿದ್ದರೆ ಅದು ಮಕ್ಕಳನ್ನು ವಿಂಗಡಿಸಿ ಗಂಟು ಕಟ್ಟಿದಂತಾಗುತ್ತಿತ್ತು. ಆದ್ದರಿಂದ ಮೇಲಿನ ಹಂತದ ವಿಶ್ವವಿದ್ಯಾಲಯಗಳು ಮೊದಲೆರಡು ವರ್ಷಕ್ಕಿಂತ ಕೊನೆಯೆರಡು ವರ್ಷದಲ್ಲಿ ಹೆಚ್ಚು ಜನರನ್ನು ಇಟ್ಟುಕೊಳ್ಳಬೇಕು, ಆ ಹೆಚ್ಚಿನ ಜಾಗ ಊರಿನ ಕಾಲೇಜಿನಿಂದ ಬರುವವರಿಗೆ ಎಂದು ಯೋಜನೆಯಲ್ಲೇ ಬರೆದರು. ಯಾವ ಊರಿನ ಯಾವ ಪೇಪರು ಬರ್ಕ್ಲಿಯ ಯಾವ ಪೇಪರಿಗೆ ಸಮ ಎಂಬ ಪಟ್ಟಿ ಎಲ್ಲರಿಗೂ ತೆರೆದಿದೆ. ಸಮಾನತೆಯನ್ನು ವಿದ್ಯಾರ್ಥಿ ಸಾಬೀತು ಮಾಡಬೇಕಾಗಿಲ್ಲ, ವ್ಯವಸ್ಥೆಯೇ ಮೊದಲು ಮಾಡಿಟ್ಟಿರುತ್ತದೆ. ಇಂದಿಗೂ ಅಲ್ಲಿ ಎರಡು ಹೊಸ ವಿದ್ಯಾರ್ಥಿಗಳಿಗೆ ಒಬ್ಬ ವರ್ಗಾವಣೆಯ ವಿದ್ಯಾರ್ಥಿ ಎಂಬುದು ಗುರಿ. ನಮಗೆ ಪಾಠ ಬೇಕಿದ್ದರೆ ಪ್ರಿನ್ಸ್‌ಟನ್ನಿನಿಂದಲ್ಲ, ಇಲ್ಲಿಂದ.

ಇನ್ನು ಆಕ್ಷೇಪಗಳು. ಮೊದಲನೆಯದು ನ್ಯಾಯದ್ದು. ಎರಡು ವರ್ಷ ಹಗಲಿರುಳು ಓದಿ ಪ್ರವೇಶ ಪರೀಕ್ಷೆ ಗೆದ್ದವರ ಪಕ್ಕದ ಬೆಂಚಿಗೆ, ಅದನ್ನು ಗೆಲ್ಲದವರು ಹಿಂಬಾಗಿಲಿನಿಂದ ಬಂದು ಕೂರುವುದು ಸರಿಯೇ? ಕೇಳಲು ಸರಿಯಾದ ಪ್ರಶ್ನೆ. ಆದರೆ ಆ ಪರೀಕ್ಷೆ ಏನನ್ನು ಅಳೆಯಿತು ಎಂದೂ ಕೇಳಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದವು. ಇಲ್ಲಿ ಮಗು ಚುರುಕಾಗಿದೆ ಎಂದು ಗೊತ್ತಾದ ಕೂಡಲೇ, ಶಕ್ತಿಯಿರುವ ತಂದೆತಾಯಿ ಪಿಯುಸಿಗೇ ಧಾರವಾಡಕ್ಕೋ ಮೂಡಬಿದಿರೆಗೋ ಕಳಿಸಿ ಲಕ್ಷಗಟ್ಟಲೆ ಶುಲ್ಕ ಕಟ್ಟುತ್ತಾರೆ. ಶಕ್ತಿಯಿಲ್ಲದವರು ಊರಿನಲ್ಲೇ ಓದಿಸುತ್ತಾರೆ. ಎರಡು ವರ್ಷದ ನಂತರ ಇಬ್ಬರೂ ಬರೆಯುವ ಪರೀಕ್ಷೆ ಓದನ್ನು ಅಳೆಯುತ್ತದೆ, ಅದರ ಜೊತೆಗೆ ಶುಲ್ಕವನ್ನೂ ಅಳೆಯುತ್ತದೆ. ಪದವಿಯ ಒಂದು ವರ್ಷ ಕಳೆದ ಮೇಲೆ ಅಳೆದರೆ ಆ ಅಂತರ ಪೂರ್ತಿ ಅಳಿಯುವುದಿಲ್ಲ, ಆದರೆ ಕಡಿಮೆಯಾಗುತ್ತದೆ: ಬೀಜಗಣಿತದ ಯಾವ ಅಧ್ಯಾಯದಿಂದ ಎಷ್ಟು ಪ್ರಶ್ನೆ ಬರುತ್ತದೆ ಎಂಬ ತಂತ್ರಕ್ಕಿಂತ, ಅಷ್ಟರಲ್ಲಿ ಆ ವಿಷಯವನ್ನು ಎಷ್ಟು ಕಲಿತಿದ್ದಾರೆ ಎಂಬುದು ಮುಖ್ಯವಾಗುತ್ತದೆ. ಹಿಂಬಾಗಿಲು ಎಂಬ ಮಾತೂ ಎಲ್ಲ ಬಾಗಿಲಿಗೂ ಹೊಂದುವುದಿಲ್ಲ. ಪರೀಕ್ಷೆ ಇಟ್ಟು, ರ‍್ಯಾಂಕ್ ಪ್ರಕಟಿಸಿ ತೆರೆದದ್ದು ಹಿಂಬಾಗಿಲಲ್ಲ. ಮ್ಯಾನೇಜ್‌ಮೆಂಟ್ ಸೀಟನ್ನು ಯಾವ ಸಂಕೋಚವೂ ಇಲ್ಲದೆ ಒಪ್ಪಿಕೊಂಡ ಸಮಾಜ ಇದನ್ನು ಹಾಗೆ ಕರೆಯುವುದು ಸ್ವಲ್ಪ ಹೆಚ್ಚಾಯಿತು.

ಎರಡನೆಯ ಆಕ್ಷೇಪ: ಸೀಟು ಎಲ್ಲಿದೆ? ಇದಕ್ಕೆ ಸರ್ಕಾರದ ಲೆಕ್ಕವೇ ಒಂದು ಉತ್ತರ ಕೊಡುತ್ತದೆ. 2023ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ಕೊಟ್ಟ ಉತ್ತರದಂತೆ, ಹಿಂದಿನ ಐದು ವರ್ಷಗಳಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯಗಳು, ಐಐಟಿ, ಐಐಎಂಗಳಿಂದ ಓದು ಬಿಟ್ಟ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗದ ವಿದ್ಯಾರ್ಥಿಗಳೇ 13,626. ಅವರಲ್ಲಿ 9,642 ಮಂದಿ ಕೇಂದ್ರೀಯ ವಿಶ್ವವಿದ್ಯಾಲಯಗಳವರು, 3,542 ಮಂದಿ ಐಐಟಿಗಳವರು. ಇದರಲ್ಲಿ ಸ್ನಾತಕೋತ್ತರ, ಪಿಎಚ್‌ಡಿಯವರೂ ಇರಬಹುದು, ಬೇರೆ ಕೋರ್ಸು ಸಿಕ್ಕಿ ಹೋದವರೂ ಇದ್ದಾರೆ. ಸಂಖ್ಯೆಯನ್ನು ಹಿಗ್ಗಿಸಿ ಹೇಳಬೇಕಾಗಿಲ್ಲ. ಅವರೇಕೆ ಬಿಟ್ಟರು ಎಂಬುದು ಇನ್ನೂ ಗಂಭೀರವಾದ, ಬೇರೆಯೇ ಲೇಖನ ಬೇಡುವ ಪ್ರಶ್ನೆ. ಆದರೆ ಮಧ್ಯದಲ್ಲಿ ಒಬ್ಬ ವಿದ್ಯಾರ್ಥಿ ಬಿಟ್ಟುಹೋದ ಮೇಲೆ ಆ ಕುರ್ಚಿ, ಆ ಪ್ರಯೋಗಾಲಯದ ಮೇಜು, ಆ ಹಾಸ್ಟೆಲ್ ಕೋಣೆ ಪದವಿ ಮುಗಿಯುವವರೆಗೂ ಖಾಲಿಯೇ ಇರುತ್ತವೆ. ಸಾರ್ವಜನಿಕ ಹಣದ ಆ ಜಾಗಗಳನ್ನು ತುಂಬುವ ಪದ್ಧತಿ ಇಲ್ಲದಿರುವುದಕ್ಕೆ ಶೈಕ್ಷಣಿಕ ಕಾರಣ ಯಾವುದೂ ಕಾಣುವುದಿಲ್ಲ. ಯಾವ ವರ್ಗದ ವಿದ್ಯಾರ್ಥಿ ಬಿಟ್ಟ ಸೀಟೋ ಅದೇ ವರ್ಗಕ್ಕೆ ಮೀಸಲಿಟ್ಟು ತುಂಬಿದರೆ, ಮೊದಲ ದಿನ ಪಾಲಿಸಿದ ಮೀಸಲಾತಿ ಕೊನೆಯ ದಿನದವರೆಗೂ ಉಳಿಯುತ್ತದೆ.

ಮೂರನೆಯದು ನಿಜಕ್ಕೂ ತೂಕದ ಆಕ್ಷೇಪ, ಅದನ್ನು ಎತ್ತುವವರು ಊರಿನ ಕಾಲೇಜುಗಳ ಅಧ್ಯಾಪಕರು. ಮೂಡಲಗಿ ತಾಲ್ಲೂಕು ಕೇಂದ್ರವಾಗಿ ಕೆಲವೇ ವರ್ಷಗಳಾಗಿವೆ. ಅಲ್ಲಿನ ಶ್ರೀಪಾದಬೋಧ ಸ್ವಾಮೀಜಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಂಥ, ಸಂಕೇಶ್ವರದ ದುರದುಂಡೀಶ್ವರ ವಿದ್ಯಾವರ್ಧಕ ಸಂಘದ ಕಾಲೇಜಿನಂಥ ಸಂಸ್ಥೆಗಳಲ್ಲಿ ತರಗತಿಯನ್ನು ಎತ್ತಿ ಹಿಡಿಯುವವರು ನಾಲ್ಕೈದು ಚುರುಕು ಮಕ್ಕಳು. ಅವರೂ ಎರಡನೆಯ ವರ್ಷಕ್ಕೆ ಬೆಂಗಳೂರು, ದಿಲ್ಲಿ ಸೇರಿಬಿಟ್ಟರೆ ಉಳಿದವರ ಗತಿಯೇನು, ಆ ಕಾಲೇಜಿನ ಹೆಸರೇನು? ಈ ನಷ್ಟ ಸುಳ್ಳಲ್ಲ. ಆದರೆ ಈಗ ನಡೆಯುತ್ತಿರುವುದನ್ನೂ ನೋಡಬೇಕು. ಚುರುಕು ಮಕ್ಕಳಲ್ಲಿ ಅನುಕೂಲವಿದ್ದವರು ಹದಿನಾರಕ್ಕೇ ಊರು ಬಿಟ್ಟಿದ್ದಾರೆ. ‘ಇಲ್ಲಿ ಸೇರಿದರೆ ಇಲ್ಲೇ ಮುಗಿಯಿತು’ ಎಂಬ ಹೆದರಿಕೆಯೇ ಅದಕ್ಕೆ ಮುಖ್ಯ ಕಾರಣ. ಊರಿನ ಕಾಲೇಜಿನಿಂದ ಮುಂದಕ್ಕೆ ದಾರಿಯಿದೆ ಎಂದು ಗೊತ್ತಾದರೆ ಮೊದಲ ವರ್ಷಕ್ಕಾದರೂ ಅಲ್ಲಿ ಸೇರುವ ಧೈರ್ಯ ಬರುತ್ತದೆ, ಮತ್ತು ಸೇರಿದವರೆಲ್ಲ ಹೋಗುವುದೂ ಇಲ್ಲ. ನಿಡಸೋಸಿಯ ಪಾಲಿಟೆಕ್ನಿಕ್‌ನಂಥ ಕಡೆ ಡಿಪ್ಲೊಮಾಕ್ಕೆ ಮಕ್ಕಳು ಬರುವುದು ಆ ಪ್ರಮಾಣಪತ್ರದಿಂದ ಸಿಗುವ ಕೆಲಸಕ್ಕಾಗಿ ಮಾತ್ರವಲ್ಲ. ಆಮೇಲೆ ಬಿಇ ಎರಡನೆಯ ವರ್ಷವಿದೆ ಎಂಬ ಭರವಸೆಗಾಗಿಯೂ ಹೌದು. ಮುಂದಿನ ದಾರಿ ತೆರೆದಿರುವುದರಿಂದ ಆ ಪಾಲಿಟೆಕ್ನಿಕ್‌ಗಳು ಬರಿದಾಗಿಲ್ಲ. ಸಣ್ಣ ಊರಿನ ಪದವಿ ಕಾಲೇಜಿಗೂ ಹಾಗೇ ಆಗಬಹುದು ಎಂದು ನಂಬಲು ಆಧಾರವಿದೆ. ಖಚಿತ ಎಂದು ಹೇಳಲು ಮಾಡಿ ನೋಡಬೇಕು.

ಇನ್ನೊಂದು ಮಾತು ಕೇಳಿಬರುತ್ತದೆ: ಇಷ್ಟು ಅವಸರವೇಕೆ, ಪದವಿ ಮುಗಿದ ಮೇಲೆ ಜಾಮ್ ಇದೆ, ಗೇಟ್ ಇದೆ, ಸಿಯುಇಟಿ-ಪಿಜಿ ಇದೆ, ಆಗ ಹೋಗಲಿ. ಹೌದು, ಇವೆ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಬಿಎಸ್ಸಿಯವರು ಜಾಮ್ ಬರೆದು ಐಐಟಿಗಳ ಎಂಎಸ್ಸಿಗೆ, ಭಾರತೀಯ ವಿಜ್ಞಾನ ಸಂಸ್ಥೆಯ ಸಂಯುಕ್ತ ಪಿಎಚ್‌ಡಿಗೆ ಹೋಗಲು ಅರ್ಹರೇ. ಆದರೆ ಬಡ ಮನೆಗಳಲ್ಲಿ ಪದವಿಯೇ ಓದಿನ ಕೊನೆ. ಮುಗಿದ ತಿಂಗಳಿಂದ ಸಂಬಳ ಬರಬೇಕು. ಕ್ಯಾಂಪಸ್ ನೇಮಕಾತಿ ನಡೆಯುವುದೂ ಹೆಚ್ಚಾಗಿ ಪದವಿಯ ಮಟ್ಟದಲ್ಲೇ. ಸ್ನಾತಕೋತ್ತರದವರೆಗೆ ಕಾಯಿರಿ ಎಂಬ ಸಲಹೆ ಕಾಯಲು ಶಕ್ತಿಯಿರುವವರಿಗೆ ಹೇಳಿದ್ದು. 2020ರಲ್ಲಿ ಐಐಟಿ ಮದ್ರಾಸ್ ಆನ್‌ಲೈನ್‌ನಲ್ಲಿ ಆರಂಭಿಸಿದ ಡೇಟಾ ಸೈನ್ಸ್ ಕೋರ್ಸು ಇಲ್ಲೊಂದು ಆಸಕ್ತಿಯ ಉದಾಹರಣೆ. ಅದಕ್ಕೆ ಜೆಇಇ ಬೇಕಿಲ್ಲ. ನಾಲ್ಕು ವಾರದ ಪಾಠ ಕೇಳಿ, ಆ ಪಾಠದ ಮೇಲೆಯೇ ನಡೆಯುವ ಅರ್ಹತಾ ಪರೀಕ್ಷೆ ಪಾಸಾದರೆ ಪ್ರವೇಶ. ಬಡ ಮನೆಯವರಿಗೆ ಶುಲ್ಕದಲ್ಲಿ ದೊಡ್ಡ ರಿಯಾಯಿತಿಯಿದೆ. 2022ರಲ್ಲಿ ಯುಜಿಸಿ ಏಕಕಾಲಕ್ಕೆ ಎರಡು ಪದವಿ ಓದಲು ಬಿಟ್ಟಿರುವುದರಿಂದ ಗೋಕಾಕದಲ್ಲಿ ಬಿಎಸ್ಸಿ ಓದುತ್ತಲೇ ಇದನ್ನೂ ಮಾಡಬಹುದು. ಕ್ಯಾಂಪಸ್ಸಿನ ಬದುಕು ಅಲ್ಲಿ ಸಿಗುವುದಿಲ್ಲ, ಬಿಟೆಕ್‌ಗೆ ಸಮ ಎಂದು ಎಲ್ಲ ಕಂಪನಿಗಳೂ ಒಪ್ಪುತ್ತವೆ ಎಂದೂ ಇಲ್ಲ. ಆದರೆ ದೇಶದ ಅತಿ ಬಿಗಿ ಆಯ್ಕೆಯ ಸಂಸ್ಥೆಯೊಂದು, ‘ಮೊದಲು ಕಲಿತು ತೋರಿಸು, ಆಮೇಲೆ ಸೇರು’ ಎಂಬ ಪದ್ಧತಿಯನ್ನು ಒಪ್ಪಿದೆಯಲ್ಲ, ಆ ಒಪ್ಪಿಗೆ ಮುಖ್ಯ.

ಅಂಕಗಳ ಹೋಲಿಕೆಯ ತೊಂದರೆಯನ್ನು ಬೇಗ ಮುಗಿಸಬಹುದು. ಒಂದು ವಿಶ್ವವಿದ್ಯಾಲಯದ ಎಂಬತ್ತು ಇನ್ನೊಂದರ ಅರವತ್ತಕ್ಕೆ ಸಮವಾಗಿರಬಹುದು. ಆದ್ದರಿಂದ ಸಾಮಾನ್ಯ ಪರೀಕ್ಷೆಯೊಂದು ಬೇಕೇ ಬೇಕು, ಕಾಲೇಜಿನ ಅಂಕಕ್ಕೆ ಅರ್ಧ ತೂಕ ಕೊಟ್ಟರೂ ಸರಿ. ಅಮೆರಿಕದ ಮಾದರಿಯಲ್ಲಿ ಪ್ರಬಂಧ, ಶಿಫಾರಸು ಪತ್ರ ಕೇಳುವುದು ಮಾತ್ರ ಬೇಡ. ಪ್ರಬಂಧ ಬರೆಸಿಕೊಡುವ ಅಂಗಡಿಗಳು ವಾರದೊಳಗೆ ತೆರೆದುಕೊಳ್ಳುತ್ತವೆ. ಶಿಫಾರಸು ಪತ್ರವನ್ನು ನಮ್ಮಲ್ಲಿ ಯಾರ ಮನೆಯ ಜಗಲಿಯಲ್ಲಿ ಕಾದು ತರುತ್ತಾರೆಂದು ಹೇಳಬೇಕಾಗಿಲ್ಲ.

ಮನಸ್ಸು ಮಾಡಿದರೆ ಸರ್ಕಾರಗಳು ಪ್ರವೇಶ ನಿಯಮವನ್ನು ಎಷ್ಟು ಸೂಕ್ಷ್ಮವಾಗಿ ಬರೆಯಬಲ್ಲವು ಎಂಬುದಕ್ಕೆ ಹುಕ್ಕೇರಿಯ ಗಡಿಯೇ ಸಾಕ್ಷಿ. ಗಡಿಯಾಚೆಯ ಗಡಹಿಂಗ್ಲಜ, ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ, ಕೇರಳದ ಕಾಸರಗೋಡು ಭಾಗದ ಕನ್ನಡ ಮಕ್ಕಳಿಗೆ ಕರ್ನಾಟಕದ ಸಿಇಟಿ ಪ್ರತ್ಯೇಕ ಅರ್ಹತೆಯ ಕಲಮು ಇಟ್ಟುಕೊಂಡಿದೆ. ಈಚೆಯ ಮರಾಠಿ ಮಾತೃಭಾಷೆಯ ಮಕ್ಕಳಿಗಾಗಿ ಮಹಾರಾಷ್ಟ್ರವೂ ಅಂಥದ್ದೇ ಕಲಮು ಇಟ್ಟಿದೆ. ಭಾಷೆ, ಗಡಿ, ರಾಜಕೀಯ, ಎಲ್ಲ ಸೇರಿ ಎರಡೂ ಕಡೆಯಿಂದ ಒಂದೊಂದು ಬಾಗಿಲು ಮಾಡಿದವು. ತಾಲ್ಲೂಕಿನ ಹೆಸರನ್ನೂ ಬಿಡದೆ ಬರೆದವು. ತಡವಾಗಿ ಅರಳಿದ ಮಕ್ಕಳಿಗೆ ಅಂಥ ಒಂದು ಕಲಮು ಬರೆಯಲು ಆಗದ ಕೆಲಸವೇನಲ್ಲ. ಅವರ ಪರವಾಗಿ ಚಳವಳಿ ಹೂಡುವವರಿಲ್ಲ, ಅಷ್ಟೇ.

ಎಲ್ಲಿಂದ ಶುರು ಮಾಡಬೇಕು? ಐಐಟಿಗಳನ್ನು ಒಪ್ಪಿಸುವುದು ದಿಲ್ಲಿಯ ಕೆಲಸ, ಅದಕ್ಕೆ ಕಾಲ ಹಿಡಿಯುತ್ತದೆ. ಕರ್ನಾಟಕದ ಕೈಯಲ್ಲೇ ಇರುವ ಸಂಸ್ಥೆಗಳು ಸಾಕಷ್ಟಿವೆ: ಐಐಟಿ ಮಾದರಿಯಲ್ಲಿ ಬೆಳೆಸುತ್ತೇವೆಂದು 2021ರಲ್ಲಿ ಕಾಯ್ದೆ ಮಾಡಿದ ಯುವಿಸಿಇ, ಸರ್ಕಾರಿ ವಿಜ್ಞಾನ ಕಾಲೇಜಿನಿಂದ ಬೆಳೆದ ಬೆಂಗಳೂರಿನ ನೃಪತುಂಗ ವಿಶ್ವವಿದ್ಯಾಲಯ, 2017ರಲ್ಲಿ ಆರಂಭವಾದ ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್, ಧಾರವಾಡದ ಕರ್ನಾಟಕ ಕಾಲೇಜುಗಳು. ಇವುಗಳ ಮೂರನೆಯ ಸೆಮಿಸ್ಟರಿನಲ್ಲಿ ಒಂದು ಸಣ್ಣ ಪಾಲು ಸೀಟನ್ನು ಹೊರಗಿನಿಂದ ಬರುವವರಿಗೆ ಇಟ್ಟು, ಡಿಸಿಇಟಿಯ ದಿನವೇ ಪರೀಕ್ಷಾ ಪ್ರಾಧಿಕಾರ ಇನ್ನೊಂದು ಪತ್ರಿಕೆ ನಡೆಸಿದರೆ ಹೊಸ ಯಂತ್ರಾಂಗವೇನೂ ಬೇಕಾಗುವುದಿಲ್ಲ. ಹಾಸ್ಟೆಲ್ ಮತ್ತು ವಿದ್ಯಾರ್ಥಿವೇತನ ಮಾತ್ರ ಸೀಟಿನ ಜೊತೆಗೇ ಬರಬೇಕು. ವಿದ್ಯಾಸಿರಿ ಯೋಜನೆಯ ತಿಂಗಳ ನೆರವಿನಲ್ಲಿ ಬೆಂಗಳೂರಿನಲ್ಲಿ ಊಟವೂ ಕೋಣೆಯೂ ಆಗುವುದಿಲ್ಲ, ಮತ್ತು ನಡುವಿನಲ್ಲಿ ಸೇರಿದವರಿಗೆ ಹಾಸ್ಟೆಲ್ ಪಟ್ಟಿ ಸಾಮಾನ್ಯವಾಗಿ ಮುಗಿದಿರುತ್ತದೆ. ಸಮಾನತೆಯ ಪಟ್ಟಿಯನ್ನು ವಿಶ್ವವಿದ್ಯಾಲಯಗಳು ತಮ್ಮೊಳಗೆ ಕೂತು ಮೊದಲೇ ಮಾಡಿ ಪ್ರಕಟಿಸಬೇಕು. ಇವೆಲ್ಲಕ್ಕಿಂತ ಮೊದಲು ಫಲಿತಾಂಶದ ದಿನಾಂಕ. ಎರಡನೆಯ ಸೆಮಿಸ್ಟರಿನ ಫಲಿತಾಂಶ ಮೂರನೆಯದು ಅರ್ಧ ಮುಗಿದ ಮೇಲೆ ಬರುವ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಯಾವ ಕೌನ್ಸೆಲಿಂಗೂ ಉಪಯೋಗವಿಲ್ಲ. ಆದ್ದರಿಂದ ಸೀಟು ಹಂಚಿಕೆಯ ದಿನವನ್ನು ಗೊತ್ತು ಮಾಡುವ ಆದೇಶದಲ್ಲೇ, ಅದಕ್ಕೆ ಹದಿನೈದು ದಿನ ಮೊದಲು ರಾಜ್ಯದ ಎಲ್ಲ ವಿಶ್ವವಿದ್ಯಾಲಯಗಳೂ ಎರಡನೆಯ ಸೆಮಿಸ್ಟರಿನ ಅಂಕಪಟ್ಟಿ ಕೊಟ್ಟಿರಬೇಕು ಎಂಬ ಸಾಲು ಇರಬೇಕಾಗುತ್ತದೆ.